ಇನ್ನೂರೈವತ್ತು ಶಬ್ದದ ಖಾನೆ

ಅರವತ್ತೊಂದು ಪರ್ಸೆಂಟೈಲ್ ಬಿದ್ದಾವು.
ಬಿದ್ದಾವು ಅಂತನ ಅನ್ನಬೇಕು,
ಬಂದಾವು ಅನ್ನಾಕ ನಾಲಿಗಿ ಹೊರಳವಲ್ದು.

ಎಂಬಿಎ ಫಾರ್ಮಿನ ಕಡೀ ಪುಟದಾಗ ಒಂದು ಖಾನೆ ಐತಿ:
ನಿಮ್ಮ ಅಂಕದ ಬಗ್ಗೆ ಏನರೆ ಹೇಳೂದಿದ್ದರ ಹೇಳ್ರಿ,
ಇನ್ನೂರೈವತ್ತು ಶಬ್ದದ ಒಳಗ.
ಭಾಳ ಮರ್ಯಾದಿ ಖಾನೆ.
ಕನ್ಯಾ ನೋಡಾಕ ಬಂದವ್ರು ಚಹಾ ಕುಡದು, ಬಸಿ ಕೆಳಗಿಟ್ಟು,
"ಒಂದೀಟು ನಡದು ತೋರಸವಾ" ಅಂದಾಂಗ.

ಮೊದಲ ಬರದೆ: ಅವತ್ತು ಜ್ವರ ಇತ್ತು.
ಅಳಿಸಿದೆ. ಜ್ವರ ಇರಲಿಲ್ಲ.
ಆಮ್ಯಾಲ ಬರದೆ: ಬ್ಯಾಡಗಿಯಿಂದ ಹುಬ್ಬಳ್ಳಿಗೆ ನಸುಕಿನ ಬಸ್ಸು,
ಬಂಕಾಪುರ ಕ್ರಾಸಿನಾಗ ಪಂಚರ್.
ಪಂಚರ್ ಖರೇ. ಆದ್ರ ತಾಸು ಮೊದಲ ಮುಟ್ಟಿದ್ದೆ,
ಸೆಂಟರಿನ ಎದುರಿಗೆ ನಿಂತು ಗಿರ್ಮಿಟ್ ತಿಂದು
ಕೈ ತೊಳಕೊಂಡಿದ್ದೆ ಸೈತ.
ಅದನ್ನೂ ಅಳಿಸಿದೆ.

ವಿದ್ಯಾನಗರದ ಕ್ಲಾಸಿನ ತೊರಗಲ್ ಸರ್ ಫೋನ್ ಹಚ್ಚಿದ್ರು:
"ಹುಚ್ಚೀ, ಮೆಣಸಿನಕಾಯಿ ಬರೀ!
ಬ್ಯಾಡಗಿ ಕಾಯಿ ಖಾರಕ್ಕ ಕಡಿಮಿ, ಬಣ್ಣಕ್ಕ ಮುಂದ,
ನಾನೂ ಹಂಗ ಅಂತ ಬರೀ. ಕುಂತವ್ರು ಕರಗಿ ಹೋಗ್ತಾರ."
ಅರ್ಧಾ ರಾತ್ರಿ ಬರದೆ. ಚಂದ ಬಂತು.
ಭಾಳ ಚಂದ ಬಂತು,
ಎಣ್ಣಿ ಹಚ್ಚಿದ ಕಾಯಿ ಹಂಗ ಮಿಂಚತಿತ್ತು.
ಐದು ವರ್ಷ ದಲಾಲಿ ಅಂಗಡ್ಯಾಗ ಕುಂತಾಕಿಗೆ
ಎಣ್ಣಿ ಹಚ್ಚಿದ್ದು ಗೊತ್ತಾಗೂದಿಲ್ಲೇನು?

ಖರೇ ಏನಪಾ ಅಂದ್ರ,
ಲೆಕ್ಕದಾಗ ನಾನು ಸೋತಿಲ್ಲ.
ಸೋಮವಾರ, ಗುರುವಾರ ಟೆಂಡರ್ ಬಿಚ್ಚಿದ ಮ್ಯಾಲ
ಚೀಲ, ತೂಕ, ಹಮಾಲಿ
ಎಲ್ಲಾ ಬಾಯಾಗ ಹಿಡಕೊಂಡು ಪಟ್ಟಿ ಬರೀತೀನಿ.
ಮುದ್ದಿನಶೆಟ್ರು ಕ್ಯಾಲ್ಕುಲೇಟರ್ ಹುಡುಕೂದ್ರಾಗ
ರೈತ ರೊಕ್ಕ ಎಣಿಸಿ ಕಿಸೆಕ್ಕ ಇಟ್ಟಿರ್ತಾನ.

ಸೋತದ್ದು ಇಂಗ್ಲಿಷ್ ಉತಾರಿಯೊಳಗ.
ಅದರಾಗ ಒಬ್ಬ ಮುದುಕ, ಯಾವುದೋ ಥಂಡಿ ದೇಶದಾಂವ,
ಗೋಪುರದ ಗಡಿಯಾರಕ್ಕ ಕೀಲಿ ಕೊಡಾಂವ.
ಒಂದೊಂದ ಶಬ್ದದ ತೊಟ್ಟು ಮುರದು
ಬುಟ್ಟಿಗೆ ಹಾಕ್ಕೋತ ಹ್ವಾದೆ.
ಅವ್ವ ದಿನಾ ಗೋದಾಮಿನಾಗ ಮಾಡೂದೂ ಅದನ್ನ.
ಅಕೀ ಬೆರಳು ಹರೀತಾವು,
ನನ್ನ ಕಣ್ಣು ಹರೀಲಿಲ್ಲ.
ಮುದುಕ ಸಾಯೂದ್ರಾಗ ಹನ್ನೊಂದು ನಿಮಿಷ ಹೋತು.
ಹೋದಾಂವನ ಸಲುವಾಗಿ ಮತ್ತ ಒಂದು ನಿಮಿಷ ಕುಂತೆ,
ಪ್ರಶ್ನೆ ಎಲ್ಲಾ ಹಂಗ ಇದ್ದುವು.
ಹೇಳಾಕ ನಾಚಿಕಿ, ಆ ಹೊತ್ತು ನನಗ ಹಿತಾ ಇತ್ತು.

ಅವ್ವ ಉರಿಯೋ ಕೈಗೆ ಮಜ್ಜಿಗಿ ಹಚ್ಚಿಕೊಂಡು
ಬಾಗಲದಾಗ ಕುಂತಿದ್ಲು.
"ಎಷ್ಟು ಬಂತಂದೀ?"
"ಅರವತ್ತೊಂದು."
"ಅಂದ್ರ?"
"ಅಂದ್ರ, ನೂರು ಮಂದಿ ಸಾಲು ಹಚ್ಚಿದ್ರ
ನನ್ನ ಹಿಂದ ಅರವತ್ತೊಂದು ಮಂದಿ."
ಮುಂದಿನವ್ರನ್ನ ಕೇಳ್ತಾಳ ಅಂತ ಉತ್ತರ ತಯಾರು ಇಟ್ಟಿದ್ದೆ.
ಅಕೀ ಕೈ ಊದಿಕೊಂತ ಕೇಳಿದ್ಲು:
"ಪಾಪ, ಅವ್ರು ಏನು ಬರೀತಾರ?"

ಒಳಗ ಬಂದು ಬರದೆ:
ನಾನು ಲೆಕ್ಕದಾಗ ಗಟ್ಟಿ. ಓದೂದ್ರಾಗ ನಿಧಾನ.
ಅವತ್ತು ಯಾವ ತೊಂದ್ರಿನೂ ಇರಲಿಲ್ಲ.
ಈಗ ದಿನಾ ರಾತ್ರಿ ಓದತೀನಿ.
ಒಂದು ಪುಟಕ್ಕ ಮೊದಲ ಒಂದು ತಾಸು ಹಿಡೀತಿತ್ತು,
ಈಗ ಇಪ್ಪತ್ತು ನಿಮಿಷ. ಇನ್ನೂ ನಿಧಾನನ.
ಅಂಗಡಿ ಲೆಕ್ಕದ ಐದು ವರ್ಷದ ಪುಸ್ತಕ ಅದಾವು,
ಬೇಕಂದ್ರ ತರತೀನಿ.

ಇಂಗ್ಲಿಷಿನಾಗ ಇಟ್ಟು ಎಣಿಸಿದೆ: ನಲವತ್ತೊಂದು ಶಬ್ದ.
ಇನ್ನೂರಾ ಒಂಬತ್ತು ಉಳದುವು.
ಉಳೀಲಿ. ಖಾನೆ ಕೊಟ್ಟಾರಂತ
ಚೀಲಕ್ಕ ನೀರು ಹೊಡದು ತೂಕ ಮಾಡಾಕ ಬರ್ತೈತೇನು?
ತೊರಗಲ್ ಸರ್ ಬೈತಾರ. ಬೈಲಿ.
ಅವ್ರು ಹೇಳಿದ್ದ ಖರೇ ಇದ್ದರೂ ಇರಬಹುದು.

ಹೆಸರು: ಶಿವಲೀಲಾ ಹೂಗಾರ.
ಊರು, ಪಿನ್‌ಕೋಡು, ಎರಡು ಸಾವಿರ ರೂಪಾಯಿ ಫೀ.
ಕಳಿಸೋ ಗುಂಡಿ ಮ್ಯಾಲ ಬೆರಳಿಟ್ಟೆ.
ಅವ್ವನ ಸೀರಿಯಿಂದ ಘಾಟು ಎದ್ದು ಬಂತು,
ಸೀನಿದೆ, ಒಂಟಿ ಸೀನು.

ಬ್ಯಾರೆ ಊರಾಗ ಆಗಿದ್ರ ಒಂದು ಗಳಿಗಿ ಕುಂತು ಏಳ್ತಿದ್ರು.
ಬ್ಯಾಡಗ್ಯಾಗ ಸೀನಿಗೆ ಶಕುನ ಇಲ್ಲ.
ಒತ್ತಿದೆ.